ಒಂದು ಡಾಲರಿನ ಮಿಲ್ಲು

ಪತ್ರ ಬಂದದ್ದು 2019ರಲ್ಲಿ. ಮ್ಯಾಸಚೂಸೆಟ್ಸ್ ರಾಜ್ಯದ ನಮ್ಮ ಸಣ್ಣ ಟೌನಿನಲ್ಲಿ ನದಿಗೆ ಆತುಕೊಂಡು ಒಂದು ಹಳೇ ಇಟ್ಟಿಗೆಯ ಮಿಲ್ಲು ಪಾಳು ಬಿದ್ದಿತ್ತು. ಮೊದಲು ಉಣ್ಣೆ ಬಟ್ಟೆ, ಆಮೇಲೆ ಯಂತ್ರದ ಬಿಡಿಭಾಗ, ಕೊನೆಗೆ ಕ್ರೋಮ್ ಪ್ಲೇಟಿಂಗ್. ಒಂದರ ಹಿಂದೆ ಒಂದು ಉದ್ಯಮ ಬಂದು ಹೋಗಿ ಈಗ ಪಾರಿವಾಳಗಳಷ್ಟೇ ಉಳಿದಿದ್ದವು. ಮಾಲೀಕತ್ವ ಬೇರೆ ರಾಜ್ಯದಲ್ಲಿ ನೋಂದಾಯಿಸಿದ ಯಾವುದೋ ಎಲ್‌ಎಲ್‌ಸಿ ಕಂಪನಿಯದು. ವರ್ಷಗಟ್ಟಲೆ ಆಸ್ತಿ ತೆರಿಗೆ ಕಟ್ಟಿರಲಿಲ್ಲ. ಅವರ ವಕೀಲರು ಬರೆದಿದ್ದರು: ಬಾಕಿ ಮನ್ನಾ ಮಾಡಿ, ಇಡೀ ಆಸ್ತಿಯನ್ನು ಒಂದು ಡಾಲರಿಗೆ ಟೌನಿಗೆ ಬರೆದುಕೊಡುತ್ತೇವೆ.

ಊರಿಗೆ ಊರೇ ಖುಷಿಪಟ್ಟಿತು. ನದಿ ದಂಡೆಯ ಜಾಗ, ಪೇಟೆಗೆ ಹತ್ತಿರ, ಒಂದು ಡಾಲರ್! ಲೈಬ್ರರಿ ಕಟ್ಟಬೇಕು ಅಂತ ಕೆಲವರು, ವಯಸ್ಸಾದವರಿಗೆ ಕೈಗೆಟುಕುವ ಬಾಡಿಗೆಯ ಮನೆಗಳಾಗಲಿ ಅಂತ ಕೆಲವರು. ಫೈರ್ ಚೀಫ್‌ಗೆ ಮಾತ್ರ ಅದನ್ನು ಕೆಡವಿದರೆ ಸಾಕಿತ್ತು. ವೂಸ್ಟರ್ ನಗರದ ಖಾಲಿ ಗೋದಾಮಿನಲ್ಲಿ 1999ರ ಡಿಸೆಂಬರ್ 3ರಂದು ಬೆಂಕಿ ಬಿದ್ದು ಆರು ಜನ ಅಗ್ನಿಶಾಮಕ ಸಿಬ್ಬಂದಿ ಸತ್ತದ್ದನ್ನು ಈ ಸೀಮೆಯ ಯಾವ ಫೈರ್ ಸ್ಟೇಷನ್ನೂ ಮರೆತಿಲ್ಲ.

ಸೆಲೆಕ್ಟ್ ಬೋರ್ಡ್, ಅಂದರೆ ಊರಿನ ಆಡಳಿತ ನೋಡಿಕೊಳ್ಳುವ ಐದು ಜನ, ಇದಕ್ಕೆಂದು ಒಂದು ಸಮಿತಿ ಮಾಡಿ ನನ್ನನ್ನೂ ಸೇರಿಸಿದರು. ನಾನು ಕೆಮಿಕಲ್ ಎಂಜಿನಿಯರ್, ಔಷಧ ಕಂಪನಿಯಲ್ಲಿ ಕೆಲಸ. ಪೌರತ್ವ ಬಂದ ಮೇಲೆ ಒಂದೆರಡು ಸಭೆಗಳಲ್ಲಿ ಕೈಯೆತ್ತಿ ಪ್ರಶ್ನೆ ಕೇಳಿದ್ದೆ, ಅಷ್ಟೇ ಅರ್ಹತೆ. ಸಂಬಳವಿಲ್ಲ, ಭತ್ಯೆಯಿಲ್ಲ, ರಾತ್ರಿ ಏಳಕ್ಕೆ ಮೀಟಿಂಗು. ಬಂಗಾರಪೇಟೆಯಲ್ಲಿರುವ ಅಣ್ಣನಿಗೆ ಫೋನಿನಲ್ಲಿ ಹೇಳಿದರೆ, "ಅಲ್ಲೋ, ಬೀದೀಲಿ ಹೋಗೋ ಮಾರೀನ ಮನೆಗೆ ಕರ್ಕೊಂಡ ಹಾಗಾಯ್ತಲ್ಲೋ. ಕಂಪನಿಯೋರು ಪುಕ್ಕಟೆ ಕೊಡ್ತಾರೆ ಅಂದ್ರೆ ಯಾಕೆ ಕೊಡ್ತಾರೆ ಅಂತ ಕೇಳಿದ್ರಾ ಮೊದಲು?" ಅಂದ. ಅವನು ಬಿ.ಎ. ಓದಿ ಅಂಗಡಿ ಇಟ್ಟವನು. ಆ ಪ್ರಶ್ನೆಯನ್ನು ನಮ್ಮೂರಿನ ಸಭೆಯಲ್ಲಿ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಒಂದು ಡಾಲರಿನ ಕ್ರಯಕ್ಕೆ ಈ ದೇಶದಲ್ಲಿ ಕುಖ್ಯಾತವಾದ ಚರಿತ್ರೆಯಿದೆ. ನ್ಯೂಯಾರ್ಕ್ ರಾಜ್ಯದ ನಯಾಗರಾ ಫಾಲ್ಸ್ ಊರಲ್ಲಿ ಹೂಕರ್ ಕೆಮಿಕಲ್ ಕಂಪನಿ ಲವ್ ಕೆನಾಲ್ ಎಂಬ ಅರ್ಧ ತೋಡಿದ ಕಾಲುವೆಯಲ್ಲಿ 1942ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಸುಮಾರು 21,000 ಟನ್ ರಾಸಾಯನಿಕ ತ್ಯಾಜ್ಯ ಹೂತಿತು. 1953ರಲ್ಲಿ ಅದನ್ನು ಮಣ್ಣು ಮುಚ್ಚಿ, ಊರಿನ ಶಾಲಾ ಮಂಡಳಿಗೆ ಒಂದು ಡಾಲರಿಗೆ ಬರೆದುಕೊಟ್ಟಿತು. ಒಳಗೆ ಏನಿದೆಯೆಂದು ಪತ್ರದಲ್ಲೇ ಹೇಳಿ, ಮುಂದೆ ಏನಾದರೂ ಆದರೆ ನಾವು ಜವಾಬ್ದಾರರಲ್ಲ ಎಂಬ ಷರತ್ತನ್ನೂ ಸೇರಿಸಿತ್ತು. ಮಂಡಳಿ ಅಲ್ಲಿ ಶಾಲೆ ಕಟ್ಟಿತು, ಸುತ್ತ ಮನೆಗಳು ಬಂದವು. 1978ರ ಆಗಸ್ಟ್‌ನಲ್ಲಿ ಅಧ್ಯಕ್ಷ ಕಾರ್ಟರ್ ತುರ್ತು ಪರಿಸ್ಥಿತಿ ಘೋಷಿಸಬೇಕಾಯಿತು. ಸಮಿತಿಯ ಮೊದಲ ಸಭೆಯಲ್ಲಿ ನಾನು ಇದನ್ನು ಓದಿ ಹೇಳಿದೆ. ಲೈಬ್ರರಿ ಬೇಕೆಂದಿದ್ದ ಹೆಂಗಸು ನನ್ನನ್ನು ಗುರಾಯಿಸಿ ನೋಡಿದರು.

ಲವ್ ಕೆನಾಲ್‌ನ ಬೆನ್ನಿಗೇ 1980ರಲ್ಲಿ ಬಂದದ್ದು ಸೂಪರ್‌ಫಂಡ್ ಕಾನೂನು. ವಕೀಲರ ಬಾಯಲ್ಲಿ ಸರ್ಕ್ಲಾ. ಅದರ ಹಿಡಿತ ಎಂಥದ್ದೆಂದು ಅಲ್ಲಿಯವರೆಗೆ ನನಗೂ ಸರಿಯಾಗಿ ಗೊತ್ತಿರಲಿಲ್ಲ. ವಿಷ ಸುರಿದವನಂತೆಯೇ ಇವತ್ತು ಆ ನೆಲದ ಒಡೆಯನಾಗಿರುವವನೂ ಹೊಣೆಗಾರ. ಅವನು ತಪ್ಪು ಮಾಡಿದ್ದಾನೋ ಇಲ್ಲವೋ ಯಾರೂ ಕೇಳುವುದಿಲ್ಲ. ಕಾನೂನು ಹುಟ್ಟುವ ಮುಂಚೆ ಸುರಿದದ್ದಕ್ಕೂ ಅನ್ವಯ. ಹತ್ತು ಜನ ಹೊಣೆಗಾರರಲ್ಲಿ ಒಂಬತ್ತು ಜನ ದಿವಾಳಿ ಎದ್ದಿದ್ದರೆ ಉಳಿದವನ ತಲೆಗೇ ಶುದ್ಧೀಕರಣದ ಪೂರ್ತಿ ಖರ್ಚು ಬೀಳಬಹುದು. ಮಿಲ್ಲು ನಡೆಸಿದ ಹಳೇ ಕಂಪನಿಗಳೆಲ್ಲ ಮುಚ್ಚಿಹೋಗಿದ್ದವು. ಟೌನ್ ಮಾತ್ರ ಎಲ್ಲಿಗೂ ಓಡಿಹೋಗುವಂತಿಲ್ಲ. ಇದರ ಮೇಲೆ ರಾಜ್ಯದ್ದೇ ಇನ್ನೊಂದು ಕಾನೂನು, 1983ರ ಅಧ್ಯಾಯ 21ಇ. ಸೂಪರ್‌ಫಂಡ್‌ನಲ್ಲಿ ಪೆಟ್ರೋಲಿಯಂ ಎಣ್ಣೆಗೆ ವಿನಾಯಿತಿ ಇದೆ, 21ಇಯಲ್ಲಿ ಇಲ್ಲ. ಬಾಯ್ಲರ್ ಪಕ್ಕ ಹೂತಿದ್ದ ಎಣ್ಣೆ ಟ್ಯಾಂಕಿಗೆ ರಾಜ್ಯ ಕಾದು ಕೂತಿತ್ತು.

ಟೌನಿನ ವಕೀಲರು ಮೃದು ಮಾತಿನ ಹಿರಿಯರು. ಪತ್ರ ಓದಿ ಅವರು ಹೇಳಿದ್ದಿಷ್ಟು: "ಒಂದು ಡಾಲರ್ ಕೊಟ್ಟು ತಗೊಂಡ್ರೆ ನೀವು ಕೊಂಡ ಹಾಗೆ. ತೆರಿಗೆ ಬಾಕಿಗೆ ಜಪ್ತಿ ಮಾಡಿದ್ರೆ ಸರ್ಕಾರದ ಕೆಲಸ ಮಾಡಿದ ಹಾಗೆ. ನೆಲ ಅದೇ, ವಿಷ ಅದೇ, ಕಾನೂನು ಮಾತ್ರ ನಿಮ್ಮನ್ನ ಬೇರೆ ಬೇರೆ ಥರ ನೋಡುತ್ತೆ."

ಅವರು ಹೇಳಿದ್ದರ ತಿರುಳು ಇದು. ತೆರಿಗೆ ಬಾಕಿ, ದಿವಾಳಿತನ, ಆಸ್ತಿ ಬಿಟ್ಟುಹೋಗುವುದು ಇಂಥ ಕಾರಣಗಳಿಂದ ಸ್ಥಳೀಯ ಸರ್ಕಾರದ ಕೈಗೆ ನೆಲ ಬಂದರೆ ಅದನ್ನು ಮಾಲೀಕ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. 2018ರ ಬಿಲ್ಡ್ ಕಾಯ್ದೆ ಈ ವಿನಾಯಿತಿಯನ್ನು ಇನ್ನಷ್ಟು ಅಗಲ ಮಾಡಿತು. ಸ್ವಂತ ಇಚ್ಛೆಯಿಂದ ಕೊಳ್ಳುವವರಿಗೂ ಒಂದು ರಕ್ಷಣೆ ಇದೆ: ನೋಂದಣಿಗೆ ಮುಂಚೆ ಆ ನೆಲದ ಪೂರ್ವಾಪರವನ್ನೆಲ್ಲ ನಿಯಮದ ಪ್ರಕಾರ ವಿಚಾರಿಸಿರಬೇಕು. ಆ ವಿಚಾರಣೆಯ ವರದಿ ಒಂದು ವರ್ಷಕ್ಕಿಂತ ಹಳೆಯದಾಗಿರಬಾರದು, ಅದರ ಮುಖ್ಯ ಭಾಗಗಳು 180 ದಿನದೊಳಗಿನವಾಗಿರಬೇಕು. ಒಂದು ದಿನ ತಡವಾದರೂ ರಕ್ಷಣೆ ಕೈಬಿಟ್ಟಿತೆಂದೇ ಲೆಕ್ಕ. ವಿನಾಯಿತಿಗೂ ಒಂದು ಕೊಂಡಿ ಇದೆ: ಆ ಮಾಲಿನ್ಯಕ್ಕೆ ಟೌನೇ ಕಾರಣವಾಗಿದ್ದರೆ, ಅದರಲ್ಲಿ ಪಾಲಿದ್ದರೆ, ಅದು ಸಿಗುವುದಿಲ್ಲ. ಈ ಕೊನೇ ವಾಕ್ಯ ಹೇಳಿದಾಗ ಯಾರೂ ತಲೆ ಎತ್ತಲಿಲ್ಲ. ಮಿಲ್ಲಿನ ಪಾಪಕ್ಕೂ ನಮಗೂ ಏನು ಸಂಬಂಧ ಅಂತ.

ಜಪ್ತಿಯ ದಾರಿಯೇ ಆಗಲಿ, ಮುಟ್ಟುವ ಮುಂಚೆ ವಿಚಾರಣೆಯೂ ಆಗಲಿ ಎಂದು ತೀರ್ಮಾನವಾಯಿತು. ಈ ಭಾಗದ ಪ್ರಾದೇಶಿಕ ಯೋಜನಾ ಸಂಸ್ಥೆಯ ಬಳಿ ಕೇಂದ್ರ ಪರಿಸರ ಇಲಾಖೆ ಇಪಿಎ ಕೊಟ್ಟ ಬ್ರೌನ್‌ಫೀಲ್ಡ್ ಹಣ, ಅಂದರೆ ಮಾಲಿನ್ಯದ ಶಂಕೆಯಿರುವ ಇಂಥ ಪಾಳು ಜಾಗಗಳಿಗೆಂದೇ ಇಟ್ಟ ಹಣವಿತ್ತು. ಅದರಲ್ಲೇ ಒಬ್ಬ ಎಲ್‌ಎಸ್‌ಪಿ ಗೊತ್ತಾದರು. ಈ ರಾಜ್ಯದಲ್ಲಿ 1993ರಿಂದ ಮಾಲಿನ್ಯದ ಶುದ್ಧೀಕರಣವನ್ನು ಪರವಾನಗಿ ಪಡೆದ ಖಾಸಗಿ ತಜ್ಞರೇ ನಡೆಸುತ್ತಾರೆ, ರಾಜ್ಯದ ಇಲಾಖೆ ಆಡಿಟ್ ಮಾಡುತ್ತದೆ. ನಮಗೆ ಸಿಕ್ಕಾಕೆ ಐವತ್ತು ದಾಟಿದ ಭೂವಿಜ್ಞಾನಿ, ಮಾತು ಕಮ್ಮಿ, ಬೂಟಿನ ತುಂಬ ಮಣ್ಣು.

ಮೊದಲ ಹಂತದಲ್ಲಿ ನೆಲ ಅಗೆಯುವುದಿಲ್ಲ, ಬರೀ ಕಾಗದ ಅಗೆಯುವುದು. ಆಕೆ ಸ್ಯಾನ್‌ಬಾರ್ನ್ ನಕ್ಷೆಗಳನ್ನು ಮೇಜಿನ ಮೇಲೆ ಹಾಸಿದ ದಿನ ನಾನು ಮನೆಗೆ ಹೋಗುವುದನ್ನೇ ಮರೆತೆ. ಬೆಂಕಿ ವಿಮೆ ಕಂಪನಿಗಳಿಗಾಗಿ ಹತ್ತೊಂಬತ್ತನೇ ಶತಮಾನದಿಂದ ಅಮೆರಿಕದ ಊರೂರಿಗೂ ಬರೆದ ನಕ್ಷೆಗಳವು. ಇಟ್ಟಿಗೆಯ ಕಟ್ಟಡಕ್ಕೆ ಗುಲಾಬಿ ಬಣ್ಣ, ಮರದ್ದಕ್ಕೆ ಹಳದಿ, ಕಲ್ಲಿನದಕ್ಕೆ ನೀಲಿ. ಯಾವ ಕೋಣೆಯಲ್ಲಿ ಏನು ನಡೆಯುತ್ತಿತ್ತು ಎಂಬುದು ಸಣ್ಣ ಕೈಬರಹದಲ್ಲಿ. ನಮ್ಮ ಮಿಲ್ಲಿನ ಒಂದೊಂದು ಕಾಲದ ಹಾಳೆಯನ್ನು ಒಂದರ ಪಕ್ಕ ಒಂದು ಇಟ್ಟರೆ, 'ಬಣ್ಣದ ಮನೆ' ಎಂದಿದ್ದ ಕೋಣೆ ಮುಂದಿನ ಹಾಳೆಯಲ್ಲಿ 'ಪ್ಲೇಟಿಂಗ್' ಆಗುತ್ತದೆ, ಹಿತ್ತಿಲಲ್ಲಿ ಒಂದು ಪುಟ್ಟ ವೃತ್ತ ಹುಟ್ಟುತ್ತದೆ. ಅದು ನೆಲದೊಳಗಿನ ಗ್ಯಾಸೋಲೀನ್ ಟ್ಯಾಂಕು. ಅದರ ಮುಂದಿನ ಹಾಳೆಯಲ್ಲಿ ಆ ವೃತ್ತ ಇಲ್ಲ. ಟ್ಯಾಂಕನ್ನು ಯಾರಾದರೂ ತೆಗೆದರೋ, ಬರೆಯುವವರು ಬಿಟ್ಟರೋ? ಆಕೆ ಪೆನ್ಸಿಲ್ ತುದಿಯನ್ನು ಆ ಖಾಲಿ ಜಾಗದ ಮೇಲಿಟ್ಟು, "ಇಲ್ಲಿ ಒಂದು ತೂತು ಕೊರೀಬೇಕು" ಅಂದರು.

ಆಮೇಲೆ ಹಳೇ ಕೆಲಸಗಾರರನ್ನು ಮಾತಾಡಿಸಿದ್ದು. ಪ್ಲೇಟಿಂಗ್ ವಿಭಾಗದಲ್ಲಿ ದುಡಿದು ನಿವೃತ್ತರಾದ ಫ್ರೆಂಚ್ ಕೆನಡಿಯನ್ ಮೂಲದ ಒಬ್ಬ ಮುದುಕರು ನರ್ಸಿಂಗ್ ಹೋಮಿನಲ್ಲಿದ್ದರು. ಬಿಡಿಭಾಗಗಳ ಜಿಡ್ಡು ತೆಗೆಯಲು ಟ್ರೈಕ್ಲೋರೋಎಥಿಲೀನ್ ಬಳಸುತ್ತಿದ್ದರಂತೆ, ಅವರ ಬಾಯಲ್ಲಿ 'ಟ್ರೈಕ್'. ಹಳೇ ಟ್ರೈಕ್ ಏನು ಮಾಡ್ತಿದ್ರಿ ಅಂತ ಕೇಳಿದರೆ, ಪ್ರಶ್ನೆಯೇ ವಿಚಿತ್ರ ಅನ್ನುವ ಹಾಗೆ ನೋಡಿ, "ಹಿಂದಿನ ಬಾಗಿಲಾಚೆ ಚೆಲ್ತಿದ್ವಿ. ಆರಿ ಹೋಗ್ತಿತ್ತು. ಅಲ್ಲಿ ಹುಲ್ಲು ಬೆಳೀತಿರಲಿಲ್ಲ, ಧೂಳೂ ಏಳ್ತಿರಲಿಲ್ಲ" ಅಂದರು. ಅವರಿಗೆ ಅದು ಶುಚಿಯ ಕೆಲಸ. ಮೇಲ್ವಿಚಾರಕರು ಹಾಗೇ ಮಾಡಿ ಅಂದಿದ್ದರು, ಮಾಡಿದ್ದರು.

ಟ್ರೈಕ್ ಆರಿ ಹೋಗುವುದು ಮೇಲಿನ ಸ್ವಲ್ಪ ಮಾತ್ರ. ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ ಅದು. ಎಣ್ಣೆಯಂತೆ ತೇಲುವುದಿಲ್ಲ, ಅಂತರ್ಜಲವನ್ನೂ ದಾಟಿ ಬಂಡೆಯ ತನಕ ಇಳಿದು ಬಿರುಕುಗಳಲ್ಲಿ ಕೂರುತ್ತದೆ. ಅಲ್ಲಿಂದ ಚೂರುಚೂರೇ ನೀರಿಗೆ ಕರಗುತ್ತಾ ದಶಕಗಟ್ಟಲೆ ಹರಿಯುತ್ತದೆ. ಕುಡಿಯುವ ನೀರಿನಲ್ಲಿ ಇರಬಹುದಾದ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ. ಇದೇ ರಾಜ್ಯದ ವೂಬರ್ನ್ ಊರಲ್ಲಿ 1979ರಲ್ಲಿ ಎರಡು ಬಾವಿಗಳನ್ನು ಮುಚ್ಚಿಸಿದ್ದು ಈ ದ್ರಾವಕದಿಂದಲೇ. ಅಲ್ಲಿ ಮಕ್ಕಳ ರಕ್ತ ಕ್ಯಾನ್ಸರ್ ಪ್ರಕರಣಗಳು ಇಡೀ ದೇಶಕ್ಕೆ ಸುದ್ದಿಯಾದವು. ವೂಬರ್ನ್ ಅಂದರೆ ಸಾಕು, ನಮ್ಮೂರ ಹಳಬರು ಗಂಭೀರರಾಗುತ್ತಿದ್ದರು.

ಊರಿನ ಪಾಪದ ಪಾಲು ಗೊತ್ತಾದದ್ದು ಇದೇ ಹಂತದಲ್ಲಿ. ನ್ಯೂ ಇಂಗ್ಲೆಂಡಿನ ಟೌನುಗಳು ಪ್ರತಿ ವರ್ಷ ಆಡಳಿತ ವರದಿ ಅಚ್ಚು ಹಾಕಿಸುತ್ತವೆ. ಯಾವ ರಸ್ತೆಗೆ ಎಷ್ಟು ಜಲ್ಲಿ ಹಾಕಿದರು, ಎಷ್ಟು ನಾಯಿಗೆ ಲೈಸೆನ್ಸ್ ಕೊಟ್ಟರು, ಎಲ್ಲ. ಟೌನ್ ಹಾಲಿನ ನೆಲಮಾಳಿಗೆಯಲ್ಲಿ ಅವುಗಳ ಸಾಲು. ಎಲ್‌ಎಸ್‌ಪಿ ಕೇಳಿದ್ದರೆಂದು ಪುಟ ತಿರುವಿ ಹಾಕುತ್ತಿದ್ದೆ. ಐವತ್ತರ ದಶಕದ ಒಂದು ವರದಿಯಲ್ಲಿ ಹೈವೇ ಇಲಾಖೆಯ ಮೇಲಧಿಕಾರಿ ಸಂತೋಷದಿಂದ ಬರೆದಿದ್ದಾನೆ: ಊರಿನ ಕಸ ಸುಡುವ ಒಲೆಯ ಬೂದಿಯನ್ನು ಮಿಲ್ಲಿನವರ ಅನುಮತಿಯೊಂದಿಗೆ ಅವರ ಹಿತ್ತಿಲ ತಗ್ಗು ತುಂಬಲು ಬಳಸಲಾಗಿದೆ, ಇದರಿಂದ ಸಾಗಾಟದ ಖರ್ಚು ಉಳಿದಿದೆ. ಕಸದ ಬೂದಿ ಎಂದರೆ ಸೀಸ, ಆರ್ಸೆನಿಕ್, ಅರೆಬೆಂದ ಇಂಗಾಲದ ಸಂಯುಕ್ತಗಳು. ಪುಟದ ಫೋಟೋ ತೆಗೆದು ವಕೀಲರಿಗೆ ಕಳಿಸಿದೆ. ಅರ್ಧ ಗಂಟೆಯಲ್ಲಿ ಫೋನ್ ಬಂತು: "ಇದನ್ನ ಇನ್ನು ಯಾರಿಗಾದ್ರೂ ಕಳ್ಸಿದೀರಾ?"

ಸಮಿತಿಯಲ್ಲಿ ದೊಡ್ಡ ಜಗಳವಾಯಿತು. ಆ ವರದಿ ಸಾರ್ವಜನಿಕ ದಾಖಲೆ, ಲೈಬ್ರರಿಯಲ್ಲೂ ಒಂದು ಪ್ರತಿ ಇದೆ, ಮುಚ್ಚಿಡುವ ಮಾತೇ ಇಲ್ಲ ಎಂದು ನಾನು. ಹುಡುಕಿಕೊಂಡು ಹೋಗಿ ತಲೆ ಮೇಲೆ ಎಳೆದುಕೊಂಡದ್ದು ಯಾಕೆ ಎಂದು ಇನ್ನೊಬ್ಬರು. ಕಡೆಗೆ ವಕೀಲರೇ ದಾರಿ ತೋರಿದರು. ದಾಖಲೆಯ ಪ್ರಕಾರ ಬೂದಿ ಬಿದ್ದದ್ದು ಹಿಂದಿನ ತಗ್ಗಿನ ತುಂಡಿಗೆ, ಅದಕ್ಕೆ ಬೇರೆ ಸರ್ವೆ ಸಂಖ್ಯೆ ಇದೆ. ಮಿಲ್ಲಿನ ಕಟ್ಟಡವಿರುವ ತುಂಡಿನಲ್ಲಿ ಟೌನಿನ ಕೈವಾಡವಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ನೋಡೋಣ. ಮಿಲ್ಲಿನ ತುಂಡಿಗೆ ವಿನಾಯಿತಿ, ಅದಕ್ಕೆ ಕೇಂದ್ರದ ಶುದ್ಧೀಕರಣ ಅನುದಾನವನ್ನೂ ಕೇಳಬಹುದು. ಬೂದಿಯ ತುಂಡಿಗೆ ಟೌನ್ ಹೊಣೆಗಾರನೇ. ನಾವು ಅದನ್ನು ಜಪ್ತಿ ಮಾಡಲಿ ಬಿಡಲಿ, ಬೂದಿ ಹಾಕಿದವರು ನಾವೇ. ಹೊಣೆಗಾರನಾದವನಿಗೆ ಆ ಅನುದಾನ ಸಿಗುವುದಿಲ್ಲ. ತೆಗೆದುಕೊಳ್ಳದೆ ಇದ್ದುಬಿಟ್ಟರೆ ಪಾರಾಗುತ್ತೇವೆ ಎಂಬ ವಾದ ಅಲ್ಲಿಗೆ ಬಿದ್ದುಹೋಯಿತು.

ಎರಡನೇ ಹಂತ, ಅಂದರೆ ಕೊರೆಯುವುದು, ಮಾಲೀಕರ ಒಪ್ಪಿಗೆಯಿಲ್ಲದೆ ಆಗದು. ಅವರು ತಕರಾರು ತೆಗೆದರು. ಕಾರಣ ಸುಲಭ: ಮಿತಿ ಮೀರಿದ ಮಾಲಿನ್ಯ ಇದೆಯೆಂದು ಗೊತ್ತಾದರೆ ಮಾಲೀಕರು ರಾಜ್ಯಕ್ಕೆ ತಿಳಿಸಲೇಬೇಕು. ಅದರ ತೀವ್ರತೆಯ ಮೇಲೆ ಎರಡು ಗಂಟೆ, 72 ಗಂಟೆ, ಇಲ್ಲವೇ 120 ದಿನದ ಗಡುವು. ಗೊತ್ತಾಗದಿದ್ದರೆ ತಿಳಿಸಬೇಕಿಲ್ಲ. ಪುಕ್ಕಟೆ ಕೊಡುತ್ತೇವೆ, ಆದರೆ ಮುಟ್ಟಿ ನೋಡಬೇಡಿ ಎಂಬುದು ಅವರ ನಿಲುವು. ಲ್ಯಾಂಡ್ ಕೋರ್ಟಿನಲ್ಲಿ ಜಪ್ತಿಯ ಅರ್ಜಿ ಹಾಕಿದ ಮೇಲೆ, ಹೇಗೂ ಕೈತಪ್ಪುವ ಆಸ್ತಿಯೆಂದು ಸಹಿ ಹಾಕಿದರು.

ಜಿಯೋಪ್ರೋಬ್ ಯಂತ್ರ ಬಂದದ್ದು ಮಂಜು ಕರಗಿದ ಮೇಲೆ. ಟ್ರ್ಯಾಕ್ಟರಿನಷ್ಟೇ ಇರುವ ಯಂತ್ರ ಉಕ್ಕಿನ ಕೊಳವೆಯನ್ನು ನೆಲಕ್ಕೆ ಕುಟ್ಟಿ ಇಳಿಸುತ್ತದೆ. ಒಳಗೆ ಪಾರದರ್ಶಕ ಪ್ಲಾಸ್ಟಿಕ್ಕಿನ ನಳಿಗೆ. ಮೇಲೆ ಎಳೆದು ಮೇಜಿನ ಮೇಲಿಟ್ಟು, ಕೊಕ್ಕೆಯಂಥ ಚಾಕುವಿನಿಂದ ಉದ್ದಕ್ಕೆ ಸೀಳಿದರೆ ನೂರು ವರ್ಷ ಕಣ್ಣೆದುರಿಗೆ ಬರುತ್ತದೆ: ಮೇಲೆ ಡಾಂಬರಿನ ಪುಡಿ, ಅದರ ಕೆಳಗೆ ಇಟ್ಟಿಗೆ ಚೂರು, ಕಲ್ಲಿದ್ದಲ ಕಿಟ್ಟ, ಆಮೇಲೆ ನದಿಯ ಬೂದು ಮರಳು. ಹಿಂದಿನ ಬಾಗಿಲ ಹತ್ತಿರದ ಮರಳಿನಿಂದ ಸಿಹಿಯಾದ ವಾಸನೆ ಬಂತು. ಎಲ್‌ಎಸ್‌ಪಿ ಕೈಯಲ್ಲಿದ್ದ ಆವಿ ಅಳೆಯುವ ಮೀಟರನ್ನು ಅದರ ಹತ್ತಿರ ಹಿಡಿದರು, ಅಂಕಿ ಏರುತ್ತಲೇ ಹೋಯಿತು. ನಾನು ಬಗ್ಗಿ ಮೂಸಲು ಹೋದರೆ ಭುಜ ಹಿಡಿದು ಹಿಂದಕ್ಕೆ ಎಳೆದರು. ನಕ್ಷೆಯಲ್ಲಿ ಮಾಯವಾಗಿದ್ದ ಟ್ಯಾಂಕು ಅಲ್ಲೇ ಇತ್ತು, ಮರಳು ತುಂಬಿಸಿ ಬಿಟ್ಟಿದ್ದರು. ಕಿಟಕಿಯ ಸಂದಿಗೆ ಮೆತ್ತಿದ್ದ ಹಳೇ ಪುಟ್ಟಿಯಲ್ಲಿ ಪಿಸಿಬಿ. 1979ರಲ್ಲಿ ಅಮೆರಿಕ ನಿಷೇಧಿಸಿದ ಆ ರಾಸಾಯನಿಕ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿರುತ್ತದೆಂದು ಗೊತ್ತಿತ್ತು, ಕಿಟಕಿಯಲ್ಲೂ ಇರುತ್ತದೆಂದು ನನಗೆ ಅಂದೇ ತಿಳಿದದ್ದು. ಅಂತರ್ಜಲದಲ್ಲಿ ಟ್ರೈಕ್ ಮಿತಿಯ ಹಲವು ಪಟ್ಟು.

ಇಲ್ಲಿ ಕೆಜಿಎಫ್ ನೆನಪಾಗದೆ ಇರಲಿಲ್ಲ. ನಮ್ಮಪ್ಪ ಅಲ್ಲಿ ಗಣಿಯ ಗುಮಾಸ್ತರು. ಅದಿರು ಪುಡಿ ಮಾಡಿ ಸೈನೈಡಿನಲ್ಲಿ ಚಿನ್ನ ಕರಗಿಸಿ ತೆಗೆದು ಉಳಿದ ಮರಳನ್ನು ಗುಡ್ಡೆ ಹಾಕಿದ ಸೈನೈಡ್ ದಿಬ್ಬಗಳು ನಮಗೆ ಜಾರುಬಂಡೆ. ಆಷಾಢದ ಗಾಳಿಗೆ ಬಿಳಿ ಧೂಳೆದ್ದು ಒಣಹಾಕಿದ ಬಟ್ಟೆಗೆಲ್ಲ ಮೆತ್ತುತ್ತಿತ್ತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅಲ್ಲಿಯವರೆಗೆ ಕಾಲೋನಿಗಳ ನೀರು, ದೀಪ, ಮೋರಿ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದದ್ದು ಕಂಪನಿ. ಮೂರು ಕೋಟಿ ಟನ್ನಿಗೂ ಮಿಕ್ಕ ಮರಳು ಹಾಗೇ ಉಳಿಯಿತು. ದಿಬ್ಬಗಳಲ್ಲಿ ಇನ್ನೂ ಚಿನ್ನವಿದೆ ಎಂಬ ಕಾರಣಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ 13 ದಿಬ್ಬಗಳಿಂದ ಅದನ್ನು ತೆಗೆಯಲು ಒಪ್ಪಿಗೆ ಕೊಟ್ಟಿತು. ಧೂಳಿನ ಲೆಕ್ಕ ಮಾತ್ರ ಯಾರ ಖಾತೆಗೂ ಬರಲಿಲ್ಲ. 2025ರ ಜುಲೈಯಲ್ಲಿ ಭಾರತ ಸರ್ಕಾರ ಕಲುಷಿತ ತಾಣಗಳ ನಿರ್ವಹಣೆಗೆ ಮೊದಲ ಬಾರಿ ಪ್ರತ್ಯೇಕ ನಿಯಮ ತಂದಾಗ ಆಸೆಯಿಂದ ಓದಿದೆ. ಗಣಿಗಾರಿಕೆಯ ಮಾಲಿನ್ಯವನ್ನು ಅದು ಬೇರೆ ಕಾನೂನುಗಳಿಗೆ ಬಿಟ್ಟಿದೆ. ಅಣ್ಣನಿಗೆ ಹೇಳಿದೆ. "ನಮ್ದು ಯಾವ ಲೆಕ್ಕಕ್ಕೂ ಬರಲ್ಲ ಬಿಡು" ಅಂದ.

ನಮ್ಮ ಟೌನಿನಲ್ಲಿ ಜಪ್ತಿಗೆ ಜನರ ಮತ ಬೇಕಿರಲಿಲ್ಲ, ಸಾಲ ಎತ್ತುವುದಕ್ಕೆ ಬೇಕಿತ್ತು, ಅದೂ ಮೂರರಲ್ಲಿ ಎರಡು ಪಾಲು. ಇಲ್ಲಿ ಬಜೆಟ್ ಪಾಸು ಮಾಡುವುದು ಟೌನ್ ಮೀಟಿಂಗು. ನೋಂದಾಯಿತ ಮತದಾರ ಯಾರೇ ಬಂದು ಮಾತಾಡಬಹುದು, ಕೈಯೆತ್ತಬಹುದು. 2021ರ ಬೇಸಿಗೆ, ಕೋವಿಡ್ ಕಾರಣ ಹೈಸ್ಕೂಲಿನ ಮೈದಾನದಲ್ಲಿ ಸಭೆ. ಜನ ಮಾಸ್ಕ್ ಹಾಕಿಕೊಂಡು ಮಡಚುವ ಕುರ್ಚಿ ತಂದಿದ್ದರು. ತೆರಿಗೆ ಎಷ್ಟು ಏರುತ್ತದೆ, ಗೆಲ್ಲದ ಕೇಸಿಗೆ ವಕೀಲರ ಫೀಸೆಷ್ಟು, ನಿರೀಕ್ಷಿಸಿದ ಪ್ರಶ್ನೆಗಳೇ ಬಂದವು. ಅಷ್ಟರಲ್ಲಿ ಮಿಲ್ಲಿನ ಎದುರಿನ ಬೀದಿಯಲ್ಲಿ ಬಾಡಿಗೆಗಿದ್ದ ಒಬ್ಬ ಹುಡುಗಿ ಮೈಕಿನ ಮುಂದೆ ನಿಂತಳು. ಆರೇಳು ತಿಂಗಳ ಬಸುರಿ.

"ನಾನು ತೆರಿಗೆ ಕಟ್ಟೋಳಲ್ಲ. ಆ ಆವಿ ನನ್ನ ಮನೆ ಕೆಳಗೆ ಬಂದಿದ್ಯಾ ಅಂತ ಯಾರು ಹೇಳ್ತಾರೆ?"

ಮಾಡರೇಟರ್ ನಮ್ಮ ಕಡೆ ನೋಡಿದರು. ಟ್ರೈಕ್ ಅಂತರ್ಜಲದಿಂದ ಆವಿಯಾಗಿ ಮನೆಯ ಅಡಿಪಾಯದ ಬಿರುಕಿನಲ್ಲಿ ನುಸುಳಿ ಒಳಗೆ ಬರಬಲ್ಲದು. ಗರ್ಭದ ಮೊದಲ ವಾರಗಳಲ್ಲಿ ಅಲ್ಪ ಪ್ರಮಾಣವೂ ಮಗುವಿನ ಹೃದಯಕ್ಕೆ ಕೆಟ್ಟದ್ದು ಎಂಬ ಆತಂಕದಿಂದಲೇ ಈ ರಾಜ್ಯ ಅದರ ಬಗ್ಗೆ ತುಂಬ ಬಿಗಿ. ನಮ್ಮ ಬಳಿ ಬಾವಿಗಳ ಅಂಕಿ ಇತ್ತು, ಮನೆಗಳದ್ದು ಇರಲಿಲ್ಲ. ಎಲ್‌ಎಸ್‌ಪಿ ಎದ್ದು ನಿಂತು, "ಈ ವಾರವೇ ನೋಡ್ತೀವಿ" ಅಂದರು. ದುಡ್ಡು ಯಾರದ್ದೆಂದು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಅದಾದ ಮೇಲೆ ತೆರಿಗೆಯ ಮಾತಿಗೆ ಹೆಚ್ಚು ಜನ ನಿಲ್ಲಲಿಲ್ಲ. ಮತ ಬಿತ್ತು, ಮೂರರಲ್ಲಿ ಎರಡು ಪಾಲು ದಾಟಿತು.

ನೆಲಮಾಳಿಗೆಯ ಕಾಂಕ್ರೀಟಿಗೆ ಬೆರಳು ಗಾತ್ರದ ತೂತು ಕೊರೆದು, ಒಳಗಿನ ಗಾಳಿಯೆಲ್ಲ ತೆಗೆದ ಸ್ಟೀಲ್ ಡಬ್ಬಿಯನ್ನು ಸಣ್ಣ ನಳಿಗೆಯಿಂದ ಜೋಡಿಸುತ್ತಾರೆ. ಮೇಲೆ ಕೋಣೆಯೊಳಗೊಂದು ಡಬ್ಬಿ. ಅದು 24 ಗಂಟೆ ನಿಧಾನಕ್ಕೆ ಉಸಿರು ಎಳೆದುಕೊಳ್ಳುತ್ತದೆ. ಆ ಹುಡುಗಿಯ ಮನೆಯಲ್ಲಿ ಏನೂ ಸಿಗಲಿಲ್ಲ. ಪಕ್ಕದ ಎರಡು ಮನೆಗಳಲ್ಲಿ ಸಿಕ್ಕಿತು. ಅಡಿಪಾಯದ ಕೆಳಗಿನ ಗಾಳಿಯನ್ನು ಪೈಪಿನಲ್ಲಿ ಎಳೆದು ಮಾಡಿನ ಮೇಲೆ ಬಿಡುವ ಫ್ಯಾನು ಕೂರಿಸಿದರು. ರೇಡಾನ್ ಅನಿಲಕ್ಕೆಂದು ಈ ಕಡೆಯ ಬಹಳ ಮನೆಗಳಲ್ಲಿ ಇರುವಂಥದ್ದೇ. ನಮ್ಮನೆಯಲ್ಲೂ ಒಂದಿದೆ.

2022ರಲ್ಲಿ ಲ್ಯಾಂಡ್ ಕೋರ್ಟ್ ಎರಡೂ ತುಂಡನ್ನು ಟೌನಿಗೆ ಕೊಟ್ಟಿತು. ಮರುವರ್ಷ ಮೇ ತಿಂಗಳಲ್ಲಿ, ತೆರಿಗೆ ಬಾಕಿಗೆ ಜಪ್ತಿ ಮಾಡಿದ ಆಸ್ತಿಯ ಹೆಚ್ಚುವರಿ ಬೆಲೆಯನ್ನು ಸರ್ಕಾರ ಇಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಟೈಲರ್ ಪ್ರಕರಣದಲ್ಲಿ ಹೇಳಿದ್ದೇ ತಡ, ಹಳೇ ಮಾಲೀಕರ ವಕೀಲರು ಮತ್ತೆ ಪತ್ರ ಬರೆದರು. ಶುದ್ಧೀಕರಣದ ಅಂದಾಜು ಪಟ್ಟಿ ಲಗತ್ತಿಸಿ ಉತ್ತರ ಹೋಯಿತು. ಮತ್ತೆ ಸದ್ದಿಲ್ಲ.

ಬೂದಿಯ ತುಂಡಿಗೆ ಹಣ ಬಂದದ್ದು ಅನಿರೀಕ್ಷಿತವಾಗಿ. 1986ರಿಂದೀಚೆಗಿನ ಸಾಮಾನ್ಯ ಹೊಣೆ ವಿಮೆಗಳಲ್ಲಿ ಮಾಲಿನ್ಯಕ್ಕೆ ಪೂರ್ತಿ ಕತ್ತರಿ. ಅದಕ್ಕಿಂತ ಹಳೆಯವುಗಳಲ್ಲಿ ಅಷ್ಟು ಬಿಗಿಯಿಲ್ಲ. ಅಂಥ ಹಳೇ ಪಾಲಿಸಿ ಹುಡುಕುವುದನ್ನೇ ವೃತ್ತಿ ಮಾಡಿಕೊಂಡವರಿದ್ದಾರೆ. ಟೌನ್ ಕ್ಲರ್ಕ್ ಖಜಾನೆ ಕೋಣೆಯಲ್ಲಿ, ಎರಡನೇ ಮಹಾಯುದ್ಧದ ರೇಷನ್ ಕಡತಗಳ ಕೆಳಗೆ, ಪಾಲಿಸಿಯ ಕಟ್ಟು ಸಿಕ್ಕಿತು. ತಕರಾರು, ಒಪ್ಪಂದ, ಒಂದು ಭಾಗ ಕೊಟ್ಟರು.

ಮಿಲ್ಲಿನ ತುಂಡಿಗೆ ಕೇಂದ್ರದ ಅನುದಾನ. ಅದರ ಅರ್ಜಿಗೂ ಮುಂಚೆ ಯಾವ ವಿಧಾನಕ್ಕೆ ಎಷ್ಟು ಖರ್ಚು ಎಂಬ ಹೋಲಿಕೆಯ ಕರಡನ್ನು ಜನರ ಮುಂದಿಟ್ಟು ಸಭೆ ನಡೆಸಬೇಕು. ಕಲ್ನಾರು ತೆಗೆಯದೆ ಕೆಡವುವಂತಿಲ್ಲ. ಅದೇ ಒಂದು ಋತು ಹಿಡಿಯಿತು. ಪಿಸಿಬಿ ಪುಟ್ಟಿಯನ್ನು ಕಿಟಕಿ ಚೌಕಟ್ಟಿನ ಸಮೇತ ಪ್ಯಾಕ್ ಮಾಡಿ ಬೇರೆ ರಾಜ್ಯಕ್ಕೆ ಸಾಗಿಸಿದರು. ಹಿಂದಿನ ಬಾಗಿಲ ಮಣ್ಣು ಅಗೆದು ತೆಗೆದಾಯಿತು. ಬಂಡೆಯಲ್ಲಿ ಕೂತದ್ದು ಹಾಗೇ ಇದೆ. ಅದನ್ನು ಪೂರ್ತಿ ತೆಗೆಯುವ ವಿದ್ಯೆ ಟೌನಿಗೆ ಎಟುಕುವ ದರದಲ್ಲಿ ಇಲ್ಲ. ಹಾಗಾಗಿ ಎರಡೂ ತುಂಡಿಗೆ ಬಳಕೆ ನಿರ್ಬಂಧದ ಪತ್ರವನ್ನು ನೋಂದಣಿ ಕಚೇರಿಯಲ್ಲಿ ದಾಖಲಿಸಿದೆವು: ಬಾವಿ ತೆಗೆಯುವಂತಿಲ್ಲ, ತರಕಾರಿ ಬೆಳೆಯುವಂತಿಲ್ಲ, ಡಾಂಬರಿನ ಹೊದಿಕೆ ಒಡೆಯುವಂತಿಲ್ಲ, ಕಟ್ಟಡ ಬಂದರೆ ಅಡಿಯಲ್ಲಿ ಆವಿ ಎಳೆಯುವ ಪೈಪು ಕಡ್ಡಾಯ. ಲೈಬ್ರರಿ ಬರಲಿಲ್ಲ. ಮುಂದೆ ಪಾರ್ಕಿಂಗ್, ನದಿ ಕಡೆಗೆ ನಡೆಯುವ ದಾರಿ. ಹೈವೇ ಇಲಾಖೆಯವರು ಡಾಂಬರಿನ ಬಿರುಕು ನೋಡಿ ಪುಸ್ತಕದಲ್ಲಿ ಬರೆದಿಡಬೇಕು. ಬರೆಯುತ್ತಾರೋ ಇಲ್ಲವೋ ನೋಡುವುದು ಈಗ ಸಮಿತಿಯಲ್ಲಿ ನನ್ನ ಪಾಲಿಗೆ ಬಂದಿರುವ ಕೆಲಸ.

ಎಲ್ಲ ಮುಗಿಯಿತು ಎನ್ನುವಾಗ ಪಿಎಫ್‌ಎಎಸ್ ಬಂತು. ಸುಲಭಕ್ಕೆ ಕರಗಿ ಹೋಗದೆ ಉಳಿಯುವ ಫ್ಲೋರಿನ್ ರಾಸಾಯನಿಕಗಳ ಗುಂಪು ಅದು, ಪಿಎಫ್‌ಒಎ, ಪಿಎಫ್‌ಒಎಸ್ ಅದರಲ್ಲಿ ಎರಡು. ಕ್ರೋಮ್ ತೊಟ್ಟಿಗಳಿಂದ ಏಳುವ ವಿಷದ ಹನಿ ಕೆಲಸಗಾರರ ಮೂಗಿಗೆ ಹೋಗದಿರಲಿ ಎಂದು ಬಳಸುತ್ತಿದ್ದ ನೊರೆ ದ್ರಾವಣದಲ್ಲಿ ಪಿಎಫ್‌ಒಎಸ್ ಇರುತ್ತಿತ್ತು. ನಮ್ಮ ಮೊದಲ ಹಂತದ ವರದಿ ಅದನ್ನು ಹುಡುಕಿರಲಿಲ್ಲ. ಆಗ ಅದು ಪಟ್ಟಿಯಲ್ಲೇ ಇರಲಿಲ್ಲ. 2024ರ ಜುಲೈ 8ರಿಂದ ಪಿಎಫ್‌ಒಎ, ಪಿಎಫ್‌ಒಎಸ್ ಎರಡೂ ಸೂಪರ್‌ಫಂಡ್ ಕಾನೂನಿನಡಿ ಅಪಾಯಕಾರಿ ವಸ್ತುಗಳು. ಕುಡಿಯುವ ನೀರಿನಲ್ಲಿ ರಾಜ್ಯದ ಮಿತಿ ಆರು ಬಗೆಯದ್ದು ಸೇರಿ ಲೀಟರಿಗೆ 20 ನ್ಯಾನೋಗ್ರಾಂ. ಅದೇ ವರ್ಷ ಏಪ್ರಿಲ್‌ನಲ್ಲಿ ಇಪಿಎ ಈ ಎರಡಕ್ಕೆ ತಲಾ 4 ಎಂದಿತು. ಊರಿನ ಬಾವಿ ಒಂದರ ನೀರು 20ರ ಒಳಗಿದೆ, 4ರ ಮೇಲಿದೆ. ಮಿಲ್ಲಿನಿಂದ ಬಂತೋ, ಅಗ್ನಿಶಾಮಕ ತರಬೇತಿಯ ನೊರೆಯಿಂದಲೋ, ಮನೆಗಳ ಸೆಪ್ಟಿಕ್ ಟ್ಯಾಂಕಿನಿಂದಲೋ, ಬೆರಳು ಮಾಡಿ ತೋರಿಸುವುದು ಕಷ್ಟ. ವಕೀಲರ ಅಭಿಪ್ರಾಯದಲ್ಲಿ ಮಿಲ್ಲಿನ ತುಂಡಿಗೆ ನಮ್ಮ ವಿನಾಯಿತಿ ಈಗಲೂ ಗಟ್ಟಿ. ನೀರು ಸರಬರಾಜು ಮಾಡುವವರಾಗಿ ಹೊಣೆ ತಪ್ಪುವುದಿಲ್ಲ. ಆ 4ರ ಮಿತಿಗೆ ನೀರನ್ನು ತರುವ ಗಡುವನ್ನು 2031ಕ್ಕೆ ಮುಂದೂಡುವುದಾಗಿ ಇಪಿಎ 2025ರಲ್ಲಿ ಹೇಳಿದೆ. ಫಿಲ್ಟರ್ ಘಟಕದ ಸಾಲಕ್ಕೆ ಟೌನ್ ಮೀಟಿಂಗಿನಲ್ಲಿ ಇನ್ನೊಮ್ಮೆ ಮೂರರಲ್ಲಿ ಎರಡು ಪಾಲು ಮತ ಬೇಕು. ಫೈನಾನ್ಸ್ ಕಮಿಟಿ ಇನ್ನೂ ಶಿಫಾರಸು ಕೊಟ್ಟಿಲ್ಲ.